ಚಮಚ ಬ್ಯಾರೆ, ಬಾಯಿ ಒಂದೇ

ಊಟದ ವಿಷಯದಲ್ಲಿ ನಾನು ಮೊದಲ ಸಲ ಸುಳ್ಳು ಹೇಳಿದ್ದು ಏಳನೇ ವಯಸ್ಸಿನಲ್ಲಿ, ಶೇಂಗಾ ಉಂಡಿಯ ಡಬ್ಬಿ ಅರ್ಧ ಖಾಲಿಯಾದಾಗ. ಎರಡನೇ ಸಲ ಹೇಳಿದ್ದು ನಲವತ್ತೈದನೇ ವಯಸ್ಸಿನಲ್ಲಿ, ಜರ್ಮನಿಯಲ್ಲಿ. ಎರಡೂ ಸಲ ಸುಳ್ಳು ಕೇಳಿಸಿಕೊಂಡವಳು ನನ್ನ ಮೌಶಿ, ಅಂದರೆ ತಾಯಿಯ ಅಕ್ಕ. ಎರಡೂ ಸಲ ನಾನು ಸಿಕ್ಕಿಬಿದ್ದೆ ಎಂದು ಈಗಲೇ ಹೇಳಿಬಿಡುತ್ತೇನೆ.

ಮೌಶಿ ಮದುವೆಯಾದವಳಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಮಂದಿಯ ಮದುವೆಗಳಿಗೆ ನಲವತ್ತು ವರ್ಷ ಅಡುಗೆ ಮಾಡಿದವಳು ಆಕೆ. ಐದಾರು ಹೆಂಗಸರನ್ನು ಕಟ್ಟಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ನಿಂತಳೆಂದರೆ ಮದುಮಗನ ಅಪ್ಪನೂ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಸಾವಿರ ಮಂದಿಗೆ ಹೋಳಿಗೆ ಬಡಿಸಿ, ಕೊನೆಯ ಪಂಕ್ತಿಯೂ ಎದ್ದ ಮೇಲೆ, ತಳದಲ್ಲಿ ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡು ನಿಂತೇ ಉಣ್ಣುವುದು ಆಕೆಯ ರೂಢಿ.

ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೂರು ತಿಂಗಳ ವೀಸಾದ ಮೇಲೆ ಇಂಗೋಲ್‌ಸ್ಟಾಟ್‌ನ ನಮ್ಮ ಮನೆಗೆ ಬಂದಾಗಲೂ ಆ ರೂಢಿಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಬಂದಳು. ಬಂದ ಎರಡನೇ ದಿನ ಅಡುಗೆಮನೆ ಆಕೆಯದಾಯಿತು. ನಮಗೆ ಬಡಿಸುವುದು, ನಾವು ಉಣ್ಣುವತನಕ ಬಾಗಿಲ ಬಳಿ ನಿಂತಿರುವುದು, ಆಮೇಲೆ ಸಿಂಕಿನ ಪಕ್ಕ ನಿಂತು ತಾನು ಉಣ್ಣುವುದು. ಮೈಸೂರಿನವಳಾದ ನನ್ನ ಹೆಂಡತಿಗೆ ಇದನ್ನು ನೋಡಲಾಗುತ್ತಿರಲಿಲ್ಲ.

“ದೊಡ್ಡಮ್ಮ, ಇವತ್ತು ನೀವು ಕೂತ್ಕೊಳಿ, ನಾನು ಬಡಿಸ್ತೀನಿ.”

“ಆತವಾ, ಕೂಡ್ತೀನಿ. ಮೊದ್ಲ ನಿಮ್ಮದ ಆಗ್ಲಿ.”

ನಮ್ಮದು ಆಗುತ್ತಿತ್ತು. ಆಕೆಯ ಕೂಡುವುದು ಮಾತ್ರ ಆಗುತ್ತಿರಲಿಲ್ಲ. ಹೀಗೆ ಎರಡೂವರೆ ತಿಂಗಳು ಕಳೆದು, ಆಕೆ ಹೊರಡಲು ಹತ್ತು ದಿನ ಉಳಿದಾಗ ನನ್ನೊಳಗೆ ಒಂದು ಹಟ ಹುಟ್ಟಿತು. ಒಂದೇ ಒಂದು ಊಟವನ್ನಾದರೂ ಮೌಶಿ ಕುರ್ಚಿಯ ಮೇಲೆ ಕೂತು, ಬೇರೆಯವರು ತಂದು ಬಡಿಸಿದ್ದನ್ನು, ನಮಗಿಂತ ಮೊದಲು ಉಣ್ಣಬೇಕು. ಅಷ್ಟೂ ಮಾಡಿಸಲಾಗದಿದ್ದರೆ ಈ ದೇಶದಲ್ಲಿ ಹದಿನಾಲ್ಕು ವರ್ಷ ನಾನು ಕಡಿದು ಕಟ್ಟೆ ಹಾಕಿದ್ದೇನು?

ಸಾದಾ ಹೋಟೆಲು ಸಾಲದು ಅನ್ನಿಸಿತು. ಊರಿನಿಂದ ಮುಕ್ಕಾಲು ಗಂಟೆಯ ದೂರದ ಹಳ್ಳಿಯಲ್ಲಿ, ಹಳೆಯ ಹಿಟ್ಟಿನ ಗಿರಣಿಯನ್ನು ಹೋಟೆಲು ಮಾಡಿಕೊಂಡ ಒಬ್ಬ ಬಾಣಸಿಗನಿದ್ದಾನೆ. ಅಲ್ಲಿ ಮೇಜು ಸಿಗಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಹೇಳಿಡಬೇಕು. ಯಾರೋ ಕೊನೆಗಳಿಗೆಯಲ್ಲಿ ಬಿಟ್ಟ ಭಾನುವಾರ ಮಧ್ಯಾಹ್ನದ ಮೇಜೊಂದು ನನಗೆ ಸಿಕ್ಕಿತು. ಮಾಂಸ, ಮೀನು, ಮೊಟ್ಟೆ ಬೇಡವೆಂದು ಬರೆದೆ. ಬರೆಯುವ ಹುರುಪಿನಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದೆ: ಅಡುಗೆಮನೆ ಕಾಣುವ ಗಾಜಿನ ಗೋಡೆಯ ಪಕ್ಕದ ಮೇಜೇ ಬೇಕು, ನಮ್ಮ ಜೊತೆ ಬರುವವರು ಅಡುಗೆಯಲ್ಲಿ ಪಳಗಿದವರು. ಆ ಸಾಲು ಬರೆದ ಬೆರಳುಗಳನ್ನು ನಾನು ಆಮೇಲೆ ಬಹಳ ಬೈದುಕೊಂಡೆ.

ಉಳಿದದ್ದು ಮೌಶಿಯನ್ನು ಒಪ್ಪಿಸುವುದು. ಹೋಟೆಲು ಎಂದರೆ ಉತ್ತರ ಗೊತ್ತೇ ಇತ್ತು: “ಯಾಕ, ಮನ್ಯಾಗ ಅಕ್ಕಿ ತೀರ್‍ಯಾವೇನು?” ಅದಕ್ಕೇ ಸುಳ್ಳು ಹೇಳಿದೆ. ನನ್ನ ಆಫೀಸಿನವರೊಬ್ಬರು ಹಳ್ಳಿಯ ತಮ್ಮ ಮನೆಗೆ ಊಟಕ್ಕೆ ಕರೆದಿದ್ದಾರೆ, ನೀನು ಬರದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದೆ.

“ಕರದವ್ರ ಮನಿಗೆ ಹೋಗದಿದ್ರ ಹೆಂಗ? ಹೋಗೂಣು,” ಎಂದು ಮೌಶಿ ಒಂದೇ ಮಾತಿಗೆ ಒಪ್ಪಿದಳು.

“ಸುಳ್ಳು ಹೇಳಿ ಕರ್ಕೊಂಡ್ ಹೋಗ್ತಿದೀರ. ಅಲ್ಲಿ ಗೊತ್ತಾದ್ರೆ ನಾನು ನಿಮ್ಮನ್ನ ಕಾಪಾಡಲ್ಲ,” ಎಂದು ಹೆಂಡತಿ ನನ್ನನ್ನು ಮೂಲೆಗೆ ಎಳೆದು ಹೇಳಿದಳು.

ಭಾನುವಾರ ಮೌಶಿ ಇಳಕಲ್ ಸೀರೆ ಉಟ್ಟು ಸಿದ್ಧಳಾದಳು. ಕೈಯಲ್ಲೊಂದು ಬಟ್ಟೆಯ ಚೀಲ. ದಾರಿಯುದ್ದಕ್ಕೂ ಎತ್ತರದ ಕಂಬಗಳಿಗೆ ಹಬ್ಬಿಸಿದ ಹಾಪ್ಸ್ ಬಳ್ಳಿಗಳ ತೋಟಗಳು. “ಎಲಿಬಳ್ಳಿ ಏನಿದು? ಇಷ್ಟ ಎತ್ತರ?” ಎಂದು ಕೇಳಿದಳು. ಬಿಯರಿಗೆ ಹಾಕುವ ಬಳ್ಳಿ ಎಂದೆ. “ಅದಕ್ಕ ಇಷ್ಟ ಜೋಪಾನ,” ಎಂದಳು.

ಗಿರಣಿಯ ಬಾಗಿಲಲ್ಲಿ ಕಪ್ಪು ಬಟ್ಟೆಯ ನಡುವಯಸ್ಸಿನ ಹೆಂಗಸೊಬ್ಬಳು ನಗುತ್ತ ನಿಂತಿದ್ದಳು. ಮೇಜು ತೋರಿಸುವವಳೂ ಬಡಿಸುವವಳೂ ಆಕೆಯೇ. ಮೌಶಿ ಆಕೆಯನ್ನು ಮನೆಯೊಡತಿ ಎಂದುಕೊಂಡಳು. ಚೀಲದಿಂದ ಒಂದು ತೆಂಗಿನಕಾಯಿ, ಗುಳೇದಗುಡ್ಡದ ಒಂದು ರವಿಕೆ ಖಣ, ಅರಿಷಿಣ-ಕುಂಕುಮದ ಪೊಟ್ಟಣ ಹೊರಗೆ ಬಂದವು.

“ನೀ ಮುತ್ತೈದಿ ಇದ್ದಿ, ನೀ ಕೊಡವಾ,” ಎಂದು ಹೆಂಡತಿಯ ಕೈಗೆ ಕೊಟ್ಟಳು.

ಕಾಪಾಡುವುದಿಲ್ಲ ಎಂದಿದ್ದ ನನ್ನ ಹೆಂಡತಿ ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ಅಚ್ಚುಕಟ್ಟಾಗಿ ಆ ಹೆಂಗಸಿಗೆ ಕುಂಕುಮ ಹಚ್ಚಿ, ಎರಡೂ ಕೈಗಳಿಂದ ಕಾಯಿ, ಖಣ ಕೊಟ್ಟಳು. ಪಾಪ, ಆಕೆ ಹಿಂಜರಿಯಲಿಲ್ಲ. ಖಣವನ್ನು ಹೆಗಲ ಮೇಲೆ ಹಾಕಿಕೊಂಡು, ಕಾಯಿಯನ್ನು ಎದೆಗೆ ಒತ್ತಿಕೊಂಡು ನಮ್ಮನ್ನು ಒಳಗೆ ಕರೆದೊಯ್ದು ಕೂರಿಸಿ, ಕುಡಿಯಲು ಏನು ಬೇಕೆಂದು ಕೇಳಿ ಮೂವರ ಕೈಗೂ ಒಂದೊಂದು ಪಟ್ಟಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಗಾಜಿನಾಚೆ ಬಿಳಿ ಕೋಟಿನ ದೊಡ್ಡ ಆಳೊಬ್ಬ ಆ ಕಾಯಿಯನ್ನು ತಿರುಗಿಸಿ ತಿರುಗಿಸಿ, ಕಿವಿಯ ಬಳಿ ಅಲ್ಲಾಡಿಸಿ ನೋಡುವುದು ಕಂಡಿತು.

ಮೌಶಿ ಸುತ್ತಲಿನ ಮೇಜುಗಳನ್ನು ಗಮನಿಸಿದಳು. “ಇವ್ರೆಲ್ಲಾ ಯಾರು?”

“ಬೀಗರು, ನೆಂಟರು,” ಎಂದೆ. ಸುಳ್ಳು ಶುರುವಾದ ಮೇಲೆ ಅದಕ್ಕೆ ಹೊತ್ತಿಗೆ ಸರಿಯಾಗಿ ಮೇವು ಹಾಕಲೇಬೇಕು.

“ಬೀಗರ ನಡುವ ಮಾತು ಬಿಟ್ಟದ ಅನಸ್ತದ. ಎಲ್ಲಾರೂ ಪಿಸುಪಿಸು ಅನ್ಲಿಕತ್ತಾರ.”

ಮೊದಲು ಬಂದದ್ದು ಮಣೆಯಷ್ಟು ಅಗಲದ ಕರಿಕಲ್ಲು. ಅದರ ನಡುವೆ ಉಗುರಿನಷ್ಟು ಬೀಟ್‌ರೂಟು, ಅದರ ಮೇಲೊಂದು ಹೂವು. ಮೌಶಿ ಅದನ್ನು ಬಹಳ ಭಕ್ತಿಯಿಂದ ನೋಡಿದಳು. “ನೈವೇದ್ಯಕ್ಕ ಇಟ್ಟದ್ದನ್ನ ಇಲ್ಲೆ ಯಾಕ ತಂದ್ರು?” ಎಂದಳು. ಇದೇ ಊಟವೆಂದು ಹೇಳುವ ಧೈರ್ಯವಾಗದೆ ಪ್ರಸಾದವೆಂದೆ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಬ್ರೆಡ್ಡು ಬೆಣ್ಣೆ ಬಂದವು, ಅದನ್ನೂ ತಿಂದಳು. ಕುರ್ಚಿಯ ಮೇಲೆ ಕೂತು, ಬಡಿಸಿದ್ದನ್ನು, ನಮಗಿಂತ ಮೊದಲು! ಮೇಜಿನ ಕೆಳಗೆ ನಾನು ಹೆಂಡತಿಯ ಕೈ ಅದುಮಿದೆ. ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಮೌಶಿ ಗಾಜಿನ ಕಡೆ ತಿರುಗಿದಳು.

ಗಾಜಿನಾಚೆ ಆ ದೊಡ್ಡ ಆಳು ಪಾತ್ರೆಯೊಂದರಲ್ಲಿ ಚಮಚ ಅದ್ದಿದ, ಬಾಯಿಗಿಟ್ಟುಕೊಂಡ, ಕಣ್ಣು ಮುಚ್ಚಿದ, ತಲೆಯಾಡಿಸಿದ. ಮೌಶಿಯ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು.

“ಅಯ್ಯ ಶಿವನೇ. ಎಂಜಲಾ ಮಾಡ್ದನಲ್ಲೋ!”

ತಿಳಿಯದವರಿಗೆ ಹೇಳಬೇಕು. ಮನೆಯಲ್ಲಿ ಅಕ್ಕಿಯಿರುವಾಗ ಖರ್ಚು ಯಾಕೆ ಅನ್ನುವುದು ಬಿಟ್ಟರೆ ಹೋಟೆಲಿನ ಊಟದ ಬಗ್ಗೆ ಮೌಶಿಗೆ ತಕರಾರಿರಲಿಲ್ಲ. ಹುಬ್ಬಳ್ಳಿಯಲ್ಲಿ ಎಷ್ಟೋ ಖಾನಾವಳಿಗಳಲ್ಲಿ ಉಂಡವಳು. ಆದರೆ ಅಲ್ಲಿ ಅಡುಗೆಮನೆಗೂ ನಮಗೂ ನಡುವೆ ಒಂದು ಒಳ್ಳೆಯ ಇಟ್ಟಿಗೆಯ ಗೋಡೆ ಇರುತ್ತದೆ. ಆಕೆಯ ಸ್ವಂತ ಒಲೆಯ ಮುಂದಂತೂ, ದೇವರ ಮುಂದಿಟ್ಟು ಮಂದಿಗೆ ಬಡಿಸುವ ಮೊದಲು ಅಡುಗೆಯ ಒಂದು ಹನಿಯೂ ಯಾರ ನಾಲಿಗೆಯನ್ನೂ ಮುಟ್ಟಬಾರದು. ಸಾವಿರ ಮಂದಿಯ ಸಾರಿಗೂ ಅದೇ ನಿಯಮ.

“ಹಂಗಲ್ಲ ಮೌಶಿ, ನೋಡು, ಪ್ರತಿ ಸಲ ಹೊಸಾ ಚಮಚ ತೊಗೋತಾನ. ಬಳಸಿದ್ದನ್ನ ಆ ಡಬ್ಬಿಗೆ ಹಾಕ್ತಾನ.”

“ಚಮಚ ಬ್ಯಾರೆ, ಬಾಯಿ ಒಂದೇ ಅಲ್ಲೇನು?”

ಹೆಂಡತಿ ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡಳು.

ಅದೇ ಗಳಿಗೆಗೆ ಸೂಪು ಬಂತು. ಖಾಲಿ ಬಟ್ಟಲುಗಳನ್ನಿಟ್ಟು, ಆ ಹೆಂಗಸು ಬಿಳಿ ಹೂಜಿಯಿಂದ ಹೊಗೆಯಾಡುವ ತರಕಾರಿ ಸೂಪನ್ನು ನಮ್ಮ ಮುಂದೆಯೇ ಸುರಿದಳು. ಮೌಶಿ ಬಟ್ಟಲನ್ನು ಮುಟ್ಟಲಿಲ್ಲ. ಹಬೆಗೆ ಮುಖ ಒಡ್ಡಿ ಒಮ್ಮೆ ಉಸಿರೆಳೆದುಕೊಂಡು ಹಿಂದಕ್ಕೆ ಸರಿದು ಕೂತಳು.

“ಇದರಾಗ ಉಪ್ಪ ಬಿದ್ದಿಲ್ಲ.”

ನಾನು ಆಗಲೇ ನಾಲ್ಕು ಚಮಚ ಕುಡಿದಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಕಣ್ಣು ಮುಚ್ಚಿ ಸವಿಯುತ್ತಲೂ ಇದ್ದೆ. ಇಷ್ಟು ದೊಡ್ಡ ಹೆಸರಿನ ಜಾಗದ ರುಚಿ ಬಹಳ ಸೂಕ್ಷ್ಮವಾಗಿರುತ್ತದೆ, ನಮ್ಮಂಥ ಒರಟು ನಾಲಿಗೆಗೆ ತಡವಾಗಿ ತಿಳಿಯುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಳ್ಳುತ್ತಿದ್ದೆ.

ಆ ಹೆಂಗಸು ಮತ್ತೆ ಬಂದು, ತುಂಬಿದ್ದ ಮೌಶಿಯ ಬಟ್ಟಲು ನೋಡಿ, ಇಷ್ಟವಾಗಲಿಲ್ಲವೇ ಎಂದು ಕೇಳಿದಳು. ಬಹಳ ಇಷ್ಟವಾಗಿದೆ, ಆರಲಿ ಎಂದು ಕಾಯುತ್ತಿದ್ದಾರೆ ಎಂದು ನಾನು ಜರ್ಮನ್‌ನಲ್ಲಿ ಹೇಳಿದೆ.

“ಏನಂದಿ ಅಕೀಗೆ?” ಎಂದಳು ಮೌಶಿ.

“ಉಪ್ಪಿಲ್ಲ ಅಂತ ಹೇಳ್ದೆ.”

“ಸುಳ್ಳ ಹೇಳಬ್ಯಾಡ. ಉಪ್ಪಿಲ್ಲ ಅಂತ ಕೇಳಿದಾಕಿ ಹಿಂಗ ನಗೋದಿಲ್ಲ.”

ನನ್ನ ಹೆಂಡತಿಯ ಸಹನೆ ತೀರಿತು. ಆಕೆಯ ಜರ್ಮನ್ ನನಗಿಂತ ಚೆನ್ನಾಗಿದೆ, ಸತ್ಯವೂ ಬೇಗ ಬಾಯಿಗೆ ಬರುತ್ತದೆ. ಇವರು ಮದುವೆಗಳಿಗೆ ಅಡುಗೆ ಮಾಡುತ್ತಿದ್ದವರು, ಅಡುಗೆ ಮಾಡುವವರು ರುಚಿ ನೋಡಿದ್ದನ್ನು ಉಣ್ಣುವುದಿಲ್ಲ, ಈ ಸೂಪನ್ನು ಮೂಸಿಯೇ ಉಪ್ಪಿಲ್ಲ ಅನ್ನುತ್ತಿದ್ದಾರೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು. ಆ ಹೆಂಗಸು ಹೂಜಿ ಎತ್ತಿಕೊಂಡು ಒಳಗೆ ಹೋದಳು. ಗಾಜಿನಾಚೆ ದೊಡ್ಡ ಆಳು ನಮ್ಮತ್ತ ನೋಡಿದ. ನಾನು ಮೇಜಿನ ಬಟ್ಟೆಯ ಕಸೂತಿ ನೋಡತೊಡಗಿದೆ.

ಆತ ಹೂಜಿಯ ಸಮೇತ ಹೊರಗೆ ಬಂದ. ಅರವತ್ತರ ಹತ್ತಿರದ ವಯಸ್ಸು, ಕೆಂಪು ಮುಖ, ಹಾರೆಯಂಥ ಕೈಗಳು. ಜಗಳಕ್ಕೆ ಬಂದವನಂತೆಯೇ ಕಂಡ. ಮೇಜಿನ ಬಳಿ ನಿಂತು ಒಂದು ಚಮಚಕ್ಕೆ ಸೂಪು ಬಗ್ಗಿಸಿಕೊಂಡು ಬಾಯಿಗಿಟ್ಟ. ಮುಖ ಇನ್ನಷ್ಟು ಕೆಂಪಾಯಿತು. ಆಮೇಲೆ ತಾನೇ ನಿಧಾನವಾಗಿ ವಿವರಿಸಿದ. ಬೇರೆ ಮೇಜುಗಳ ಸೂಪು ಮಾಂಸದ್ದು, ಅದರ ರುಚಿ ಆತ ನೋಡಿದ್ದ. ನಮ್ಮದು ಮಾತ್ರ ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಬೆಂದಿತ್ತು. ಅದಕ್ಕೆ ಉಪ್ಪು ಹಾಕುವುದನ್ನೂ ಮರೆತಿದ್ದರು, ರುಚಿ ನೋಡುವುದನ್ನೂ ಮರೆತಿದ್ದರು.

ನಾನು ಮೌಶಿಗೆ ಅನುವಾದಿಸಿದೆ. ಅನುವಾದಿಸುತ್ತಿರುವಾಗಲೇ ನನಗೆ ಹೊಳೆಯಿತು: ಇಡೀ ಹೋಟೆಲಿನಲ್ಲಿ ಯಾರೂ ಎಂಜಲು ಮಾಡದಿದ್ದದ್ದು ಆ ಸೂಪು ಒಂದೇ.

“ಹೌದಾ? ಹಂಗಂದ್ರ ಅದನ್ನ ನಾ ಉಣಬಹುದಿತ್ತು,” ಎಂದು ಮೌಶಿ ಆಸೆಯಿಂದ ಬಟ್ಟಲು ನೋಡಿದಳು. “ಈಗ ನೋಡಿದ್ರ ಇಂವ ಹೂಜಿನೂ ಹಿಡದ, ಬಾಯಿಗೂ ಇಟ್ಟ. ಬಟ್ಟಲದಾಗಿಂದೂ ಅದ ಹೂಜಿದ ಅಲ್ಲೇನು?”

ಮೂಸಿ ಹೇಗೆ ತಿಳಿಯಿತು ಎಂದು ಆತ ಕೇಳಿದ. ಉಪ್ಪು ಬಿದ್ದ ಮೇಲೆ ಹಬೆ ಬೇರೆಯಾಗುತ್ತದೆ, ನಲವತ್ತು ವರ್ಷ ಮೂಗು ಹಿಡಿದು ನಿಂತರೆ ಯಾರಿಗೂ ತಿಳಿಯುತ್ತದೆ ಎಂದಳು ಮೌಶಿ. ಜೊತೆಗೆ ಇನ್ನೊಂದು ಮಾತು ಹೇಳಿದಳು: “ಅಡಿಗಿ ಬರ್ದವ್ರು ರುಚಿ ನೋಡ್ತಾರ ಅಂತ ಹೇಳು.” ಇದನ್ನು ನಾನು, ರುಚಿ ನೋಡುವುದು ನಮ್ಮಲ್ಲಿ ವಾಡಿಕೆಯಿಲ್ಲ ಎಂದು ಅನುವಾದಿಸಿದೆ. ಹೆಂಡತಿ ಗಂಟಲು ಸರಿಮಾಡಿಕೊಂಡು, ಉಳಿದ ಭಾಗವನ್ನೂ ಆತನಿಗೆ ತಲುಪಿಸಿದಳು.

ಆ ಮನುಷ್ಯ ಕೋಪಿಸಿಕೊಳ್ಳುತ್ತಾನೆಂದು ನಾನು ಕಾದೆ. ಆತ ಹೊಟ್ಟೆ ಕುಣಿಯುವಂತೆ ನಕ್ಕ. ಬೀಗರೆಲ್ಲ ತಿರುಗಿ ನೋಡಿದರು. ತಾನು ಬೇಕೆಂದೇ ರುಚಿ ನೋಡದೆ ಬಿಟ್ಟ ತಟ್ಟೆ ಎಂದೂ ಈ ಬಾಗಿಲು ದಾಟಿಲ್ಲ, ಇವತ್ತು ಒಂದು ದಾಟಲಿ ಎಂದ. ಆತ ಒಳಗೆ ಹೊರಟೊಡನೆ ಮೌಶಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

“ನಾನೂ ಹೋಗ್ತೀನಿ. ಒಬ್ಬಾಂವ ಏನೇನ್ ಮಾಡ್ತಾನ?”

ಬಾಣಸಿಗ ತಿರುಗಿ ನಿಂತು, ಎರಡೂ ಅಂಗೈಗಳನ್ನು ಕೆಳಮುಖ ಮಾಡಿ ಒತ್ತಿ ತೋರಿಸಿದ. ಕೂತುಕೊಂಡರೆ ಮಾತ್ರ ಮಾಡುತ್ತೇನೆ ಎಂದ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಒಬ್ಬ ಅಡುಗೆಯವನು ತನ್ನ ಅಡುಗೆಮನೆಯಿಂದ ಹೊರಗಿರಿ ಎಂದರೆ ಇನ್ನೊಬ್ಬ ಅಡುಗೆಯವಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮೌಶಿ ಕೂತಳು.

ಇಪ್ಪತ್ತು ನಿಮಿಷ ನಾವು ಗಾಜಿನಾಚೆ ನೋಡಿದೆವು. ಪಾಪ, ಆತನ ಕೈ ರೂಢಿಯಂತೆ ಎರಡು ಸಲ ಚಮಚದ ಡಬ್ಬಿಯ ಕಡೆ ಹೋಯಿತು, ಎರಡು ಸಲವೂ ಹಿಂದಕ್ಕೆ ಬಂತು. ಉಪ್ಪು ಹಾಕಿದ. ಪಾತ್ರೆಯ ಮೇಲೆ ಬಗ್ಗಿ ಮೂಸಿದ. ಏನೂ ತಿಳಿಯದೆ ತಲೆ ಕೆರೆದುಕೊಂಡ. ಮತ್ತೆ ಉಪ್ಪು ಹಾಕಿದ. ಪಕ್ಕದ ಒಲೆಯವರು ಬಾಯಿ ಬಿಗಿಹಿಡಿದು ನಗುತ್ತಿದ್ದರು.

ಮೂರು ತಟ್ಟೆಗಳನ್ನು ಆತನೇ ಹೊತ್ತು ತಂದ. ಆಲೂಗಡ್ಡೆಯ ಕಡುಬು, ಮೇಲೆ ಕೆಂಪಗೆ ಕಾಯಿಸಿದ ಬೆಣ್ಣೆ, ಪಕ್ಕದಲ್ಲಿ ಎಳೆಯ ಹುರುಳಿಕಾಯಿ. ಮೊದಲ ತಟ್ಟೆಯನ್ನು ಮೌಶಿಯ ಮುಂದಿಟ್ಟ. ನಾವು ಚಮಚ ಎತ್ತದಂತೆ ಕಣ್ಣಲ್ಲೇ ತಡೆದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ನಿಂತ. ಕೈಯಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಮೌಶಿ ತಟ್ಟೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡಳು. ತಲೆ ಎತ್ತಿ ಆತನ ಕೈಗಳನ್ನು ನೋಡಿದಳು. ಚಮಚ ಬದಿಗಿಟ್ಟು ಕೈಯಲ್ಲೇ ಕಡುಬು ಮುರಿದು ಬೆಣ್ಣೆಯಲ್ಲಿ ಹೊರಳಿಸಿ ಬಾಯಿಗಿಟ್ಟಳು. ಇನ್ನೊಂದು ತುತ್ತು. ಮತ್ತೊಂದು.

“ಹದಾ ಆಗೇದ. ಭಾಳ ಛಲೋ ಆಗೇದ ಅಂತ ಹೇಳು,” ಎಂದಳು, ಆತನ ಮುಖವನ್ನೇ ನೋಡುತ್ತ.

ಹೇಳಿದೆ. ಅಷ್ಟು ದೊಡ್ಡ ಆಳಿನ ಮುಖ ಅರಳಿದ ರೀತಿಯನ್ನು ನಾನು ಬಹಳ ದಿನ ಮರೆಯಲಾರೆ. ಆತ ಗಾಜಿನಾಚೆಯವರಿಗೆಲ್ಲ ಕಾಣುವಂತೆ ಹೆಬ್ಬೆರಳು ಎತ್ತಿ ತೋರಿಸುತ್ತ ಒಳಗೆ ಹೋದ. ಆಗ ನಾನೂ ಒಂದು ತುಂಡು ಬಾಯಿಗಿಟ್ಟುಕೊಂಡೆ.

ಉಪ್ಪಿನಕಾಯಿಯ ಭರಣಿಗೆ ನಾಲಿಗೆ ಅದ್ದಿದ ಹಾಗಾಯಿತು. ಹೆಂಡತಿ ಆಗಲೇ ಎರಡನೇ ಲೋಟ ನೀರು ಬಗ್ಗಿಸಿಕೊಳ್ಳುತ್ತಿದ್ದಳು. ಮೌಶಿ ಮಾತ್ರ ಮುಖದ ಒಂದು ಗೆರೆಯೂ ಅಲುಗದಂತೆ, ತಟ್ಟೆಯಲ್ಲಿ ಬೆಣ್ಣೆಯ ಪಸೆಯೂ ಉಳಿಯದಂತೆ ಎಲ್ಲವನ್ನೂ ಉಂಡಳು. ಉಪ್ಪಿನ ವಿಷಯದಲ್ಲಿ ಹುಟ್ಟಿದಾಗಿನಿಂದ ಯಾರಿಗೂ ರಿಯಾಯಿತಿ ಕೊಟ್ಟವಳಲ್ಲ. ನನ್ನ ತಾಯಿಯ ಅಡುಗೆಯನ್ನು ನೆಂಟರ ಎದುರೇ ಉಪ್ಪು ಹೆಚ್ಚೆಂದು ಬದಿಗೆ ಸರಿಸಿಟ್ಟವಳು.

ಹೊರಡುವಾಗ ಬಾಗಿಲಿನ ಹೆಂಗಸು ಖಣವನ್ನು ಇನ್ನೂ ಹೆಗಲ ಮೇಲೆ ಹಾಕಿಕೊಂಡೇ ಇದ್ದಳು. ಕಾರು ಹಳ್ಳಿ ದಾಟುವತನಕ ನಾನು ತಡೆದುಕೊಂಡೆ.

“ಮೌಶಿ, ಆ ಕಡುಬಿನ್ಯಾಗ ಉಪ್ಪು...”

“ಎರಡ ಪಟ್ಟ ಬಿದ್ದಿತ್ತು. ತಟ್ಟಿ ಇಡೂ ಮುಂದ ಗೊತ್ತಾತು.”

“ಮತ್ತ ಛಲೋ ಆಗೇದ ಅಂದಿ?”

“ನೀ ನನಗ ಇದು ಮನಿ, ಇವ್ರು ಬೀಗರು ಅಂತ ಹೇಳ್ದಿ. ಊಟಕ್ಕ ಕರದ ಮನ್ಯಾಗ ಕೈಗೆ ಪಟ್ಟಿ ಕೊಟ್ಟು ಏನ್ ಬೇಕು ಅಂತ ಕೇಳ್ತಾರೇನೋ ತಮ್ಮಾ? ಆವಾಗನ ತಿಳೀತು ನನಗ. ಸುಮ್ಮನಿದ್ದೆ. ನಿನ್ನ ಸುಳ್ಳ ಅಷ್ಟ ದೊಡ್ಡದಿತ್ತು, ನನ್ನದೊಂದ ಸಣ್ಣದು ಆಗ್ಲಿ ಅಂದೆ.”

ಹೆಂಡತಿ ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಮೌಶಿ ಕಿಟಕಿಯ ಕಡೆ ತಿರುಗಿ, ಬೇರೆಯದೇ ದನಿಯಲ್ಲಿ ಮಾತು ಮುಂದುವರಿಸಿದಳು.

“ಅಂವ ಕೈ ಒರಸ್ಕೋತ ನಿಂತಿದ್ದ, ನೋಡಿದಿ? ನಾನೂ ಹಂಗ ನಿಲ್ತಿದ್ದೆ. ಪಂಕ್ತಿ ಕೂತಾಗ ಬಾಗಿಲ ಸಂದ್ಯಾಗ ನಿಂತು ಮಂದಿ ಮುಖಾ ನೋಡ್ತಿದ್ದೆ. ಉಂಡ್ರು, ಡೇಕರಿಸಿದ್ರು, ಎದ್ದ ಹೋದ್ರು. ಛಲೋ ಆಗೇದ ಅಂತ ಒಬ್ಬರರ ಅನ್ನಬಾರದೇನು? ಆ ಬಡವಾ ನಿಂತ ನೋಡ್ಲಿಕತ್ತಿದ್ದ. ಉಪ್ಪ ಜಾಸ್ತಿ ಅಂತ ಹೆಂಗ ಅನ್ಲಿ ಅವಗ?”

ಈಗ ಹೊಗಳಿದರೆ ಕೇಳಿದ್ದಕ್ಕೆ ಕೊಟ್ಟ ಹಾಗಾಗುತ್ತದೆ ಎಂದು ನಾನು ರಸ್ತೆ ನೋಡುತ್ತ ಸ್ಟಿಯರಿಂಗ್ ಹಿಡಿದಿದ್ದೆ. ಹೆಂಡತಿಗೆ ಅಂಥ ಸಂಕೋಚವಿಲ್ಲ. ಮುಂದೆ ಬಗ್ಗಿ ಮೌಶಿಯ ಹೆಗಲ ಮೇಲೆ ಕೈಯಿಟ್ಟಳು.

“ದೊಡ್ಡಮ್ಮ, ನೆನ್ನೆ ಸಾರು ಮಾಡಿದ್ರಲ್ಲ, ತುಂಬಾ ಚೆನ್ನಾಗಿತ್ತು. ಹೇಳೋಕೆ ಮರ್ತೋಯ್ತು.”

“ನಿನ್ನಿ ಸಾರೇನು?” ಮೌಶಿ ಆಕೆಯ ಕೈಯನ್ನು ಮೆಲ್ಲಗೆ ತಟ್ಟಿದಳು. “ನಿನ್ನಿ ಸಾರಿಗೆ ನಾ ಉಪ್ಪ ಹಾಕಿದ್ದಿಲ್ಲವಾ. ಬೇಕಂತನ ಬಿಟ್ಟಿದ್ದೆ. ಯಾರರ ತಲಿ ಎತ್ತಿ ನೋಡ್ತೀರೇನು ಅಂತ.”

ಆ ಸಾರು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಅದರ ರುಚಿಯಾಗಲಿ, ಬಣ್ಣವಾಗಲಿ, ಬಡಿಸಿದ ಕೈಯಾಗಲಿ ನೆನಪಾಗಲಿಲ್ಲ. ನೆನಪಾದದ್ದು ಇಷ್ಟು: ಎಡಗೈಯಲ್ಲಿ ಫೋನು ಹಿಡಿದು ಈ ಗಿರಣಿ ಹೋಟೆಲಿನ ತಟ್ಟೆಗಳ ಫೋಟೋಗಳನ್ನು ಒಂದೊಂದಾಗಿ ನೋಡುತ್ತ, ತಲೆ ಎತ್ತದೆಯೇ ಬಟ್ಟಲು ಮುಂದೆ ಚಾಚಿ, ನಾನು ಎರಡನೇ ಸಲ ಸಾರು ಹಾಕಿಸಿಕೊಂಡಿದ್ದೆ.